ಆರನೆಯ ಕಂಬ

ನನ್ನ ಕೆಲಸದ ಶೆಡ್ಡಿಗೆ ಆರು ಕಂಬ ಬೇಕು ಎಂದು ಗೊತ್ತಾದ ದಿನವೇ ನನಗೆ ಆರು ಜನ ಇಲ್ಲ ಎಂಬುದೂ ಗೊತ್ತಾಯಿತು. ಬೆರಳು ಮಡಚಿ ಎಣಿಸಿದೆ. ಐದಕ್ಕೆ ಬಂದು ನಿಂತೆ, ಆ ಐದನೆಯ ಬೆರಳೂ ಅಷ್ಟು ಧೈರ್ಯವಾಗಿ ಮಡಚಿಕೊಳ್ಳಲಿಲ್ಲ. ಐವತ್ತೆಂಟು ವರ್ಷ ಈ ಊರಿನಲ್ಲೇ ಬಾಳಿದವನು ನಾನು, ಊರಿನ ಅರ್ಧ ಬಾಗಿಲುಗಳನ್ನು ಮಾಡಿ ನಿಲ್ಲಿಸಿದ ಕಾಳಪ್ಪ ಬಡಿಗೇರ. ಆದರೆ ಬಾಗಿಲು ಮಾಡಿಸಿಕೊಂಡವರು ಬಾಗಿಲಿನ ಮಟ್ಟಿಗೆ ನಮ್ಮವರು. ಕಂಬದ ಮಾತು ಬೇರೆ.

ನಮ್ಮಲ್ಲಿ ಕಂಬ ನೆಡುವವನು ಒಬ್ಬ, ಹಿಡಿಯುವವರು ಇನ್ನೊಬ್ಬರು. ಹಿಡಿಯುವವರು ಹೊತ್ತು ಮೂಡುವಾಗ ಬಂದು ಎರಡೂ ಅಂಗೈಯನ್ನು ಕಂಬಕ್ಕೆ ಹಚ್ಚಿ ನಿಂತರೆ ಹೊತ್ತು ಮುಳುಗುವವರೆಗೆ ತೆಗೆಯುವಂತಿಲ್ಲ. ನೆಡುವವನು ಕುಣಿಗೆ ಮಣ್ಣು ತುಂಬಿ, ನೀರು ಹೊಯ್ದು, ಕುಟ್ಟಿ, ಮತ್ತೆ ತುಂಬುತ್ತಾನೆ. ನಡುವೆ ಹಿಡಿದವರಿಗೆ ತನ್ನ ಕೈಯಾರೆ ತುತ್ತು ಮಾಡಿ ಉಣ್ಣಿಸುತ್ತಾನೆ. ಹಿಡಿದವರಿಗೆ ಅವನ ಮೇಲೆ ಜೀವ ಇದ್ದರೆ ಮರುದಿನ ಬೆಳಿಗ್ಗೆ ಕಂಬ ನೆಟ್ಟಗೆ ನಿಂತಿರುತ್ತದೆ, ಇಲ್ಲದಿದ್ದರೆ ವಾಲಿರುತ್ತದೆ. ಒಬ್ಬರು ಒಬ್ಬರಿಗೆ ಜನ್ಮದಲ್ಲಿ ಒಂದೇ ಕಂಬ ಹಿಡಿಯಬಹುದು. ಹಾಗಾಗಿ ದೊಡ್ಡ ಮನೆ ಎಂದರೆ ನಮ್ಮ ಊರಿನಲ್ಲಿ ಶ್ರೀಮಂತರ ಮನೆಯಲ್ಲ, ಬೇಕಾದವರು ಹೆಚ್ಚು ಇದ್ದವರ ಮನೆ. ಯಾರದಾದರೂ ಮನೆಯಲ್ಲಿ ಒಂದು ಕಂಬ ವಾಲಿದ್ದರೆ ಅದನ್ನು ನೋಡದವರಂತೆ ಚಹಾ ಕುಡಿದು ಬರುವುದು ಮರ್ಯಾದೆ. ಸಿಮೆಂಟು ಸುರಿದೂ ಕಂಬ ನಿಲ್ಲಿಸಬಹುದು, ಬೇಡ ಎಂದವರಾರು? ಸರ್ಕಾರಿ ಕಟ್ಟಡಗಳೆಲ್ಲ ಹಾಗೇ ನಿಂತಿವೆ. ಸರ್ಕಾರದ ಮೇಲೆ ಜೀವ ಇಟ್ಟುಕೊಂಡು ಇಡೀ ದಿನ ಯಾರು ಬಿಸಿಲಿಗೆ ನಿಲ್ಲುತ್ತಾರೆ? ಮನೆ ಕಟ್ಟುವವರು ಮಾತ್ರ ಹಾಗೆ ಮಾಡುವುದಿಲ್ಲ. ವಾಲುತ್ತದೆಂದು ಹೆದರಿ ಬುಡಕ್ಕೆ ಕದ್ದು ಬೆಣೆ ಹೊಡೆಯುವವರೂ ಇದ್ದಾರೆ. ಸಿಕ್ಕಿಬಿದ್ದರೆ ಅವರ ಮೊಮ್ಮಕ್ಕಳಿಗೂ 'ಬೆಣೆ ಮನೆಯವರು' ಎಂಬ ಹೆಸರು ಉಳಿಯುತ್ತದೆ.

ನನಗೆ ಈ ವಯಸ್ಸಿನವರೆಗೂ ಕಂಬದ ಗೊಡವೆ ಬಂದಿರಲಿಲ್ಲ. ವಾಸದ ಮನೆ ಅಪ್ಪನದು, ಅದರ ಕಂಬಗಳನ್ನು ಹಿಡಿದವರು ಅಪ್ಪನ ಜನ. ಕೆಲಸ ಮಾಡುತ್ತಿದ್ದುದು ದಸ್ತಗೀರಸಾಬನ ಕಟ್ಟಿಗೆ ಅಡ್ಡೆಯ ಒಂದು ಮೂಲೆಯಲ್ಲಿ. ಈ ವರ್ಷ ಅವನು ಹೊಸ ಕೊಯ್ಯುವ ಮಷೀನು ತಂದ. ಅದಕ್ಕೆ ನನ್ನ ಮೂಲೆಯೇ ಬೇಕಾಯಿತು. ಮಳೆಗಾಲದೊಳಗೆ ಬೇರೆ ಜಾಗ ನೋಡಿಕೋ ಎಂದು ಬೀಡಿ ಆರಿಸಿ, ತಲೆ ತಗ್ಗಿಸಿ ಹೇಳಿದ. ನಾನು ಎರಡು ದಿನ ಅವನೊಂದಿಗೆ ಮಾತು ಬಿಟ್ಟೆ. ಮೂರನೆಯ ದಿನ ಊರಾಚೆ, ಹಳೆಯ ಇಟ್ಟಂಗಿ ಭಟ್ಟಿಯ ಹತ್ತಿರ ಇದ್ದ ನನ್ನ ಅರ್ಧ ಎಕರೆಯನ್ನು ಹೋಗಿ ನೋಡಿದೆ. ಜಾಲಿ ಬೆಳೆದಿತ್ತು. ಕಡಿದೆ, ನೆಲ ಮಟ್ಟ ಮಾಡಿದೆ, ದಾರ ಹಿಡಿದು ಮೂಲೆಯಿಂದ ಮೂಲೆಗೆ ಅಳೆದು ಗೂಟ ಹೊಡೆದೆ. ಮೂವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ, ಆ ಬದಿಗೆ ಮೂರು ಈ ಬದಿಗೆ ಮೂರು ಕಂಬ, ಮೇಲೆ ತಗಡು. ಗೋಡೆ ಬೇಡ. ಮರದ ಕೆಲಸಕ್ಕೆ ಗಾಳಿ ಬೆಳಕು ಬೇಕು. ಮತ್ತಿ ಮರದ ಆರು ದಿಮ್ಮಿ ಆರಿಸಿ, ಬಾಚಿಯಿಂದ ಕೆತ್ತಿ, ಗೆದ್ದಲು ಹತ್ತದಂತೆ ಬುಡಕ್ಕೆ ಸುಟ್ಟ ಎಂಜಿನ್ ಎಣ್ಣೆ ಬಳಿದೆ. ಒಬ್ಬನೇ ಮಾಡಬಹುದಾದ ಕೆಲಸವೆಲ್ಲ ಇಷ್ಟಕ್ಕೆ ಮುಗಿಯಿತು.

ನಮ್ಮ ಊರಿನಲ್ಲಿ ಯಾರಾದರೂ ಕಂಬ ಕೆತ್ತುತ್ತಿದ್ದಾರೆ ಎಂಬ ಸುದ್ದಿ ಹಬ್ಬಿದರೆ ಇದ್ದಕ್ಕಿದ್ದಂತೆ ಎಲ್ಲರ ಸೊಂಟ ಹಿಡಿಯುತ್ತದೆ. ನಾನು ಎದುರಿಗೆ ಬಂದರೆ ಸಾಕು, ಆರೋಗ್ಯವಾಗಿದ್ದವರೂ ಬೆನ್ನಿಗೆ ಕೈ ಇಟ್ಟುಕೊಳ್ಳುತ್ತಿದ್ದರು. ಅವರನ್ನು ಬೈದು ಪ್ರಯೋಜನವಿಲ್ಲ. ತಾನು ಹಿಡಿದ ಕಂಬ ವಾಲಿದರೆ ಹಿಡಿದವನಿಗೂ ನಾಚಿಕೆಯೇ. ನಾನೂ ಜೀವಮಾನದಲ್ಲಿ ನಾಲ್ಕು ಜನಕ್ಕೆ ಸೊಂಟ ನೋವು ಎಂದು ಹೇಳಿದ್ದೇನೆ, ಸುಳ್ಳು ಹೇಳಿ ಏನಾಗಬೇಕು.

ಮೊದಲ ಕಂಬಕ್ಕೆ ಕರೆಯದೆ ಬಂದವನು ದಸ್ತಗೀರಸಾಬನೇ. ಮೂಲೆ ಬಿಡಿಸಿದ ತಪ್ಪಿಗೆ ಬಂದನೋ, ನಲವತ್ತು ವರ್ಷದ ಸಲಿಗೆಗೆ ಬಂದನೋ, ಇಡೀ ದಿನ ನನ್ನ ಅಡುಗೆಯನ್ನು ಆಡಿಕೊಳ್ಳುತ್ತಲೇ ನಿಂತ. ಅವನ ಕಂಬ ಬೆಳಿಗ್ಗೆ ಈಟಿಯಂತೆ ನಿಂತಿತ್ತು. ಎರಡನೆಯದನ್ನು ನನ್ನ ಅಕ್ಕ ಶಿವವ್ವ ಹಿಡಿದಳು, ಮೂರನೆಯದನ್ನು ನನ್ನೊಂದಿಗೆ ಚೌಕಾಬಾರ ಆಡುವ ರಿಟೈರಾದ ಪೋಸ್ಟ್‌ಮನ್ ಚಂದ್ರಾಮಪ್ಪ. ಎರಡೂ ನಿಂತವು. ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಆ ಮೂರು ದಿನ ನನಗೆ ಬಹಳ ಸುಖವಾಗಿತ್ತು. ಹನ್ನೊಂದು ವರ್ಷದಿಂದ ನಾನು ಮನೆಯಲ್ಲಿ ಒಬ್ಬನೇ ಇದ್ದವನು. ಮುಂಜಾನೆಯಿಂದ ಸಂಜೆಯವರೆಗೆ ಒಬ್ಬ ಮನುಷ್ಯ ಎಲ್ಲಿಗೂ ಹೋಗದೆ ನನ್ನ ಎದುರಿಗೇ ನಿಂತಿರುವುದು, ನಾನು ಮಾಡಿದ ತುತ್ತಿಗೆ ಬಾಯಿ ತೆರೆಯುವುದು ಎಂದರೆ ಏನು ಎಂಬುದು ಮರೆತೇ ಹೋಗಿತ್ತು. ಚಂದ್ರಾಮಪ್ಪ ಹೊತ್ತು ಮುಳುಗಿದ ಮೇಲೆ ಕೈ ಕೊಡವಿಕೊಂಡು ಹೊರಟಾಗ ಇನ್ನೊಂದು ಚಹಾ ಕುಡಿದು ಹೋಗು ಎಂದು ಎರಡು ಸಲ ಅಂಗಲಾಚಿದೆ.

ನಾಲ್ಕನೆಯ ಕಂಬವನ್ನು ಚಹಾದಂಗಡಿಯ ತಿಪ್ಪಣ್ಣ ಹಿಡಿದ. ಮೂವತ್ತು ವರ್ಷದಿಂದ ದಿನಕ್ಕೆರಡು ಸಲ ಅವನ ಅಂಗಡಿಯ ಬೆಂಚಿನ ಮೇಲೆ ಕೂತವನು ನಾನು. ಅವನ ತಾಯಿ ತೀರಿದಾಗ ಚಟ್ಟ ಕಟ್ಟಿದವನೂ ನಾನೇ. ಬೆರಳು ಮಡಚುವಾಗ ಅವನ ಬೆರಳನ್ನು ಎಲ್ಲಕ್ಕಿಂತ ಮೊದಲು ಮಡಚಿದ್ದೆ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಕಂಬ ನಾಲ್ಕು ಬೆರಳು ರಸ್ತೆಯ ಕಡೆಗೆ ವಾಲಿತ್ತು. ನಾನು ಗುಂಡು ಕಟ್ಟಿದ ದಾರ ಇಳಿಬಿಟ್ಟು ನೋಡಿದೆ, ದಾರ ತಪ್ಪಿರಬಹುದೆಂದು ಇನ್ನೊಂದು ದಾರ ತಂದು ನೋಡಿದೆ. ಅಷ್ಟರಲ್ಲಿ ತಿಪ್ಪಣ್ಣನೂ ನೋಡಲು ಬಂದ. ನೋಡಿದ. ಇಬ್ಬರೂ ಮಳೆ ಯಾವಾಗ ಬರಬಹುದು ಎಂಬುದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದೆವು. ಅವನು ಹೋದ ಮೇಲೆ ಕಂಬ ಕಿತ್ತು ಹಾಕಿ ಕುಣಿಯ ಅಂಚಿನಲ್ಲಿ ಕೂತೆ. ಎದೆಯಲ್ಲಿ ಹಾರೆ ಹಾಕಿ ಮೀಟಿದಂತಾಗಿತ್ತು. ಅಂದಿನಿಂದ ಇಂದಿನವರೆಗೆ ನಾನು ಅವನ ಅಂಗಡಿಗೆ ಹೋಗಿಲ್ಲ. ಸಿಟ್ಟಿನಿಂದಲ್ಲ, ಯಾವ ಬೆಂಚಿನ ಮೇಲೆ ಕೂರಬೇಕೋ ಗೊತ್ತಾಗುವುದಿಲ್ಲ.

ಅದೇ ಕುಣಿಗೆ ಮರುವಾರ ಕಲ್ಲವ್ವ ಬಂದು ನಿಂತಳು. ಕಲ್ಲವ್ವ ಎಂದರೆ ನಾನು ಮಾಡಿಕೊಟ್ಟ ಬಾಗಿಲು ಮಳೆಗಾಲದಲ್ಲಿ ಉಬ್ಬಿತೆಂದು ನನ್ನ ಮೂರು ತಲೆಮಾರನ್ನು ಬೀದಿಯಲ್ಲಿ ನಿಂತು ಬೈದವಳು. ಹಿಡಿಯುವಾಗಲೂ ಬೈಯುತ್ತಲೇ ಇದ್ದಳು, ಅವಳ ಕಂಬ ಕೂದಲೆಳೆಯಷ್ಟೂ ಕದಲಲಿಲ್ಲ. ಐದನೆಯದನ್ನು ಅಕ್ಕನ ಗಂಡ ಹಿಡಿದ, ಅದೂ ನಿಂತಿತು. ಯಾರು ಹೇಗೆ ಎಂಬುದು ನನಗೆ ಒಂದೂ ತಿಳಿದಿಲ್ಲ ಎಂದು ಆ ವಾರ ನನಗೆ ಮನವರಿಕೆಯಾಯಿತು. ಅದು ತಿಳಿದ ಮೇಲೆ ಆರನೆಯ ಕಂಬದ ಭಯ ಶುರುವಾಯಿತು. ಏಕೆಂದರೆ ಉಳಿದಿದ್ದ ಹೆಸರು ಒಂದೇ.

ನಿಂಬೆವ್ವ ನನ್ನ ಹೆಂಡತಿ. ಹನ್ನೊಂದು ವರ್ಷದ ಕೆಳಗೆ ಮನೆ ಬಿಟ್ಟು ಇದೇ ಊರಿನ ಕೆಳಗಿನ ಓಣಿಯಲ್ಲಿದ್ದ ತನ್ನ ತಂಗಿಯ ಮನೆಗೆ ಹೋದವಳು. ನಾನು ಹೊಡೆದವನಲ್ಲ, ಕುಡಿದವನಲ್ಲ, ಅದನ್ನು ಊರೇ ಹೇಳುತ್ತದೆ. ಮಕ್ಕಳಾಗದ್ದಕ್ಕೆ ಒಂದು ದಿನವೂ ಒಬ್ಬರನ್ನೊಬ್ಬರು ದೂರಿದವರೂ ಅಲ್ಲ. ನನ್ನ ರೋಗ ಬೇರೆ. ಅವಳು ಹಚ್ಚಿದ ಒಲೆಯ ಸೌದೆಯನ್ನು ನಾನು ಮತ್ತೆ ಸರಿ ಇಡುತ್ತಿದ್ದೆ. ಅವಳು ಕಟ್ಟಿದ ಆಕಳನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ. ಅವಳು ಹಾಕಿದ ಕೀಲಿಯನ್ನು ಎಳೆದು ನೋಡದೆ ಹೊಸ್ತಿಲು ಇಳಿದವನಲ್ಲ. ಬಡಿಗನ ಕಣ್ಣು, ಏನು ಮಾಡಲಿ, ಓರೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಹೋಗುವ ದಿನ ಅವಳು ಜಗಳ ಮಾಡಲಿಲ್ಲ. ಈ ಮನೆಯಲ್ಲಿ ತಾನು ಮಾಡಿದ ಒಂದಾದರೂ ಕೆಲಸ ತಾನು ಮಾಡಿದ ಹಾಗೆ ಉಳಿದಿದೆಯಾ ತೋರಿಸಿ ಎಂದು ಕೇಳಿದಳು. ನಾನು ಸುತ್ತಲೂ ನೋಡಿದೆ, ನೋಡುತ್ತಿರುವಾಗಲೇ ಹೊರಟುಹೋದಳು.

ತಂಗಿಯ ಮನೆಯಲ್ಲಿ ಅವಳು ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ನಾನು ಹೋದಾಗ ಬಡಿಯುವ ಸಪ್ಪಳ ನಿಲ್ಲಲಿಲ್ಲ. ಬಾಗಿಲಲ್ಲೇ ನಿಂತು, ಐದು ಕಂಬ ಆಗಿವೆ, ಒಂದು ಉಳಿದಿದೆ, ಮಳೆ ಹತ್ತಿರ ಬಂತು ಎಂದು ಹೇಳಿದೆ. ಅಂಗಡಿಯವನಿಗೆ ಸಾಮಾನು ಹೇಳಿದ ಹಾಗೆ ಹೇಳಿದೆ. ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಅದಕ್ಕೆ ನೀರು ಸವರಿ, ಸೋಮವಾರ ಬರುತ್ತೇನೆ ಎಂದಳು. ಅಷ್ಟು ಬೇಗ ಒಪ್ಪಿದ್ದು ನನಗೆ ಸಮಾಧಾನ ತರಬೇಕಿತ್ತು. ತಿಪ್ಪಣ್ಣನೂ ಹಾಗೇ ಬೇಗ ಒಪ್ಪಿದ್ದ ಎಂಬುದು ಮನಸ್ಸಿಗೆ ಬಂತು.

ಸೋಮವಾರ ಹೊತ್ತು ಮೂಡುವ ಮುಂಚೆಯೇ ಬಂದಿದ್ದಳು. ಕೂದಲು ಬೆಳ್ಳಗಾಗಿತ್ತು, ಕೈ ಮಾತ್ರ ಅದೇ ಕೈ. ಕಂಬವನ್ನು ಕುಣಿಗೆ ಇಳಿಸಿದೆ, ಅವಳು ಅಂಗೈ ಹಚ್ಚಿದಳು. ಎರಡು ಬುಟ್ಟಿ ಮಣ್ಣು ಸುರಿದೆ. ಆಮೇಲೆ ನಾನು ಸ್ವಲ್ಪ ಎಡಕ್ಕೆ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಸ್ವಲ್ಪ ಬಲಕ್ಕೆ ಎಂದೆ. ಅವಳು ನಕ್ಕಳು. ಹನ್ನೊಂದು ವರ್ಷದ ಮೇಲೆ ಕೇಳಿದ ಆ ನಗುವಿಗೆ ನನ್ನ ಕೈಯಲ್ಲಿದ್ದ ಸಲಿಕೆ ಒಂದು ಕ್ಷಣ ನಿಂತಿತು. ಮಧ್ಯಾಹ್ನ ನಾನೇ ಬಡಿದ ದಪ್ಪ ರೊಟ್ಟಿಯನ್ನು ಮುರಿದು, ಶೇಂಗಾ ಚಟ್ನಿ ಹಚ್ಚಿ, ಮೊಸರಲ್ಲಿ ಅದ್ದಿ ಬಾಯಿಗಿಟ್ಟೆ. ಅಂಚು ಸೀದಿತ್ತು, ನಡುವೆ ಹಸಿ ಇತ್ತು. ಊರಿಗೆಲ್ಲ ರೊಟ್ಟಿ ಕೊಡುವವಳು ಅಂಥವನ್ನು ಎರಡು, ಹೆಸರಿಡದೆ ತಿಂದಳು. ಮೂಗಿನ ಮೇಲೆ ನೊಣ ಕೂತರೆ ನಾನು ಓಡಿಸಿದೆ. ತಂಗಿಯ ಮಗಳ ಬಾಣಂತನ, ಓಣಿಯ ನಲ್ಲಿಯ ಜಗಳ, ತನ್ನ ಎಡ ಮೊಣಕಾಲಿನ ನೋವು ಎಲ್ಲ ಹೇಳಿದಳು. ನಾನು ಕೇಳಿಸಿಕೊಂಡೆ. ನಾನು ಹೇಳಲು ಹೊಸದೇನೂ ಇರಲಿಲ್ಲ.

ಹೊತ್ತು ಇಟ್ಟಂಗಿ ಭಟ್ಟಿಯ ಹಿಂದೆ ಇಳಿದಾಗ ಅವಳು ಕೈ ತೆಗೆದಳು. ಅಂಗೈ ಕೆಂಪಗಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಮುಖ ನೋಡದೆ, ಕಂಬವನ್ನು ನೋಡುತ್ತಾ ಹೇಳಿದಳು.

"ನಾಳೆ ಮುಂಜಾನೆ ಬಂದು ನೋಡ್ತೀನ್ರಿ. ಇದು ನಿಂತಿದ್ದರ, ಆಮ್ಯಾಲೆ ಹೋಗಿ ನನ್ನ ಗಂಟು ತರ್ತೀನಿ. ಸಾಕಾಗೇತಿ ನನಗೂ."

ಅವಳು ದಾರಿ ಹಿಡಿದು ಮರೆಯಾಗುವವರೆಗೂ ನಿಂತಿದ್ದೆ. ಸಂತೋಷವಾಯಿತು, ಸುಳ್ಳೇಕೆ ಹೇಳಲಿ, ಆ ಬಯಲಲ್ಲಿ ಒಬ್ಬನೇ ನಕ್ಕೆ. ಆಮೇಲೆ ತಿರುಗಿ ಕಂಬ ನೋಡಿದೆ. ಮಬ್ಬು ಬೆಳಕಿನಲ್ಲಿ ಅದು ಒಂದು ಕೂದಲಷ್ಟು ರಸ್ತೆಯ ಕಡೆಗೆ ಬಾಗಿದಂತೆ ಕಂಡಿತು. ಕಣ್ಣು ಉಜ್ಜಿ ನೋಡಿದೆ. ಬಾಗಿದೆ ಎಂದರೆ ಬಾಗಿದೆ, ಇಲ್ಲ ಎಂದರೆ ಇಲ್ಲ. ದಾರ ಇಳಿಬಿಡಲು ಬೆಳಕು ಸಾಲದು. ತಿಪ್ಪಣ್ಣನ ಕಂಬವೂ ಸಂಜೆಗೆ ನೆಟ್ಟಗೇ ಇತ್ತಲ್ಲ ಎನ್ನಿಸಿತು. ಬೆಳಿಗ್ಗೆ ಅವಳು ಬಂದು, ನಾಲ್ಕು ಬೆರಳು ವಾಲಿದ್ದನ್ನು ನೋಡಿ, ಮಳೆಯ ಮಾತಾಡಿ ಹೊರಟುಹೋಗುವುದು ಕಣ್ಣಿಗೆ ಕಟ್ಟಿತು. ಇಷ್ಟು ದಿನ ಒಬ್ಬನೇ ಇದ್ದದ್ದು ಬೇರೆ, ಇಂದಿನ ದಿನ ಕಳೆದ ಮೇಲೆ ಮತ್ತೆ ಒಬ್ಬನೇ ಇರುವುದು ಬೇರೆ. ನನಗೆ ಅದು ಆಗದು ಎನ್ನಿಸಿತು. ಕಡಿದು ಹಾಕಿದ್ದ ಜಾಲಿಯಿಂದ ಮೂರು ಬೆಣೆ ಕೆತ್ತಿದೆ, ಒಂದೊಂದೂ ಮೊಳದುದ್ದ. ಬುಡದ ಮಣ್ಣು ಸರಿಸಿ, ಕೊಡತಿಯಿಂದ ಮೂರೂ ಕಡೆ ಹೊಡೆದು ಕೂರಿಸಿದೆ. ಮೇಲೆ ಮಣ್ಣು ಮುಚ್ಚಿ, ನೀರು ಚಿಮುಕಿಸಿ, ಅಂಗೈಯಿಂದ ಸವರಿ ನಯ ಮಾಡಿದೆ. ಜೀವನದಲ್ಲಿ ಅಷ್ಟು ಚೊಕ್ಕಟವಾದ ಕೆಲಸ ನಾನು ಬಹಳ ಮಾಡಿಲ್ಲ.

ಬೆಳಿಗ್ಗೆ ನಿಂಬೆವ್ವ ಬಂದಾಗ ನಾನು ದಾರ ಇಳಿಬಿಟ್ಟು ನಿಂತಿದ್ದೆ. ದಾರ ಮೇಲಿಂದ ಕೆಳಗಿನವರೆಗೆ ಕಂಬವನ್ನು ಮುಟ್ಟಿಕೊಂಡೇ ಇಳಿದಿತ್ತು. ನಿಂತಿದೆ ನೋಡು ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. ಅವಳು ಕಂಬದ ಸುತ್ತ ಒಂದು ಸಲ ಬಂದು, ಅದಕ್ಕೆ ಕೈ ಮುಟ್ಟಿಸಿ, ಮೂರು ಕಲ್ಲು ಹೂಡಿ ಚಹಾಕ್ಕೆ ನೀರಿಟ್ಟಳು. ಕಲ್ಲು ಸ್ವಲ್ಪ ಓರೆಯಾಗಿದ್ದವು. ನಾನು ಮುಟ್ಟಲಿಲ್ಲ. ಇನ್ನು ಮುಂದೆ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಚಹಾ ಕುಡಿದ ಮೇಲೆ ಅವಳು ಒಂದು ಜಾಲಿಯ ಟೊಂಗೆಯನ್ನು ಕಸಬರಿಗೆ ಮಾಡಿಕೊಂಡು ಕಟ್ಟಿಗೆಯ ಚಕ್ಕೆಗಳನ್ನು ಗುಡಿಸತೊಡಗಿದಳು. ಬೇಡ, ನಾನೇ ಗುಡಿಸುತ್ತೇನೆ ಎಂದು ಎದ್ದೆ. ಎದ್ದದ್ದೇ ತಪ್ಪಾಯಿತೋ ಏನೋ. ಅವಳು ನನ್ನ ಮುಖ ನೋಡಿದಳು, ಆಮೇಲೆ ಚಕ್ಕೆಗಳನ್ನು ನೋಡಿದಳು. ಕಂಬಗಳೆಲ್ಲ ಮತ್ತಿಯವು, ಕಪ್ಪು. ಆ ಚಕ್ಕೆಗಳು ಜಾಲಿಯವು, ಕೆಂಪು, ಇನ್ನೂ ಹಸಿ. ಬಡಿಗನೊಂದಿಗೆ ಇಪ್ಪತ್ತೆರಡು ವರ್ಷ ಬಾಳಿದವಳಿಗೆ ಚಕ್ಕೆ ಓದಲು ಯಾರೂ ಕಲಿಸಬೇಕಿಲ್ಲ. ಕೂತು, ಬುಡದ ಮಣ್ಣನ್ನು ಬೆರಳಿಂದ ಕೆದರಿದಳು. ಮೊದಲ ಬೆಣೆಯ ತಲೆ ಕಂಡಿತು. ಉಳಿದೆರಡನ್ನು ಅವಳು ಹುಡುಕಲಿಲ್ಲ.

ನಾನು ಆಗಲಾದರೂ ತಪ್ಪಾಯಿತು ಎನ್ನಬೇಕಿತ್ತು. ನನ್ನ ಬಾಯಿಗೆ ಬಂದದ್ದು ಬೇರೆ. ಮೇಲೆ ತಗಡು ಬರುವುದಿದೆ, ಈ ಕಡೆಯಿಂದ ಗಾಳಿ ಜೋರು, ಮೂಲೆಯ ಕಂಬಕ್ಕೆ ಒಂದು ಆಧಾರ ಇರಲಿ ಎಂದು ಹೊಡೆದೆ ಎಂದೆ. ಅವಳು ಮುಗಿಸಲು ಬಿಟ್ಟಳು. ಆಮೇಲೆ ಎದ್ದು, ದಸ್ತಗೀರಸಾಬನ ಕಂಬದ ಹತ್ತಿರ ಹೋದಳು. ಅಲ್ಲಿ, ಕಂಬಕ್ಕೆ ಒರಗಿಸಿ ಇಟ್ಟಿದ್ದ ಗಂಟು ಎತ್ತಿಕೊಂಡಳು. ಹಳೆಯ ಹಸಿರು ಸೀರೆಯಲ್ಲಿ ಕಟ್ಟಿದ ದೊಡ್ಡ ಗಂಟು, ಒಳಗಿನಿಂದ ಅವಳ ರೊಟ್ಟಿ ಹಂಚಿನ ಹಿಡಿ ಹೊರಗೆ ಕಾಣುತ್ತಿತ್ತು.

"ಕಂಬ ನೋಡಿ ಆಮ್ಯಾಲೆ ಗಂಟು ತರ್ತೀನಿ ಅಂದಿದ್ದೆ. ನೋಡೂಕಿಂತ ಮೊದಲ ತಗೊಂಡು ಬಂದೀನಿ," ಎಂದಳು. "ಬಗಲಾಗ ಇಷ್ಟು ದೊಡ್ಡ ಗಂಟು ಇತ್ತು. ನೀವು ದಾರ ನೋಡ್ಕೋತ ನಿಂತಿದ್ರಿ."

ನಾನು ನಿಜಕ್ಕೂ ನೋಡಿರಲಿಲ್ಲ.

"ವಾಲಿದ್ದರೂ ಇರ್ತಿದ್ದೆ ನಾನು," ಎಂದಳು. "ಒಂದ ಒಂದು ಸಲ ನಾ ಹಿಡಿದದ್ದು ನಾ ಹಿಡಿದಂಗ ಇರಲಿ ಅಂತ ಬಿಡಾಕ ಆಗಲಿಲ್ಲ ನಿಮಗ."

ಅವಳು ಅಳುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ದಣಿದ ದನಿ. ಗಂಟನ್ನು ಸೊಂಟಕ್ಕೆ ಇಟ್ಟುಕೊಂಡು, ಮೊಣಕಾಲು ಎಳೆಯುತ್ತ, ಬಂದ ದಾರಿಯಲ್ಲೇ ಹೋದಳು. ಕರೆಯಬೇಕು ಎನ್ನಿಸಿತು. ಕರೆಯಲಿಲ್ಲ. ಅವಳು ಹೂಡಿದ ಮೂರು ಕಲ್ಲಿನ ನಡುವೆ ಕೆಂಡ ಇನ್ನೂ ಇತ್ತು.

ಆರು ದಿನ ನಾನು ಆ ಕಡೆ ಹೋಗಲಿಲ್ಲ. ತಗಡು ತಂದವರು ಮನೆಗೆ ಬಂದು ಕೇಳಿ ವಾಪಸು ಹೋದರು. ದಸ್ತಗೀರಸಾಬ ಬಂದು ಬಾಗಿಲಲ್ಲಿ ಕೂತು ಒಂದು ಬೀಡಿ ಸೇದಿ ಹೋದ. ಏಳನೆಯ ದಿನ ಮೋಡ ಇಳಿಯುತ್ತಿರುವುದನ್ನು ನೋಡಿ ಹಾರೆ ತೆಗೆದುಕೊಂಡು ಹೋದೆ. ಬೆಣೆ ಹೊಡೆಯುವುದಕ್ಕಿಂತ ಕೀಳುವುದು ಕಷ್ಟ. ಮೂರನ್ನೂ ಕಿತ್ತೆ. ಕಿತ್ತ ಜಾಗದಲ್ಲಿ ಮೂರು ತೂತು ಉಳಿದವು, ಅವುಗಳಿಗೆ ಮಣ್ಣು ತುಂಬಲಿಲ್ಲ. ಬೀಳುವುದಿದ್ದರೆ ಬೀಳಲಿ ಎಂದು ಪಕ್ಕಕ್ಕೆ ನಿಂತೆ. ಮಧ್ಯಾಹ್ನ ವರ್ಷದ ಮೊದಲ ಮಳೆ ಸುರಿಯಿತು. ತೂತುಗಳಿಗೆ ನೀರು ನುಗ್ಗಿ ಬುಡವೆಲ್ಲ ರಾಡಿಯಾಯಿತು. ಗಾಳಿ ಎಷ್ಟು ಜೋರಾಗಿತ್ತೆಂದರೆ ಭಟ್ಟಿಯ ಮೇಲಿನ ಒಣ ಸೋಗೆ ಹಾರಿ ನನ್ನ ಹೊಲಕ್ಕೆ ಬಂದು ಬಿತ್ತು. ನಾನು ಗೋಣಿಚೀಲ ಹೊದ್ದುಕೊಂಡು ನೋಡುತ್ತ ನಿಂತಿದ್ದೆ.

ಮರುದಿನ ದಾರ ಇಳಿಬಿಟ್ಟೆ. ಅದರ ಮರುದಿನವೂ ಇಳಿಬಿಟ್ಟೆ. ಮೂರನೆಯ ದಿನ ಕಂಬಕ್ಕೆ ಹೆಗಲು ಕೊಟ್ಟು ನನ್ನ ಬಲವನ್ನೆಲ್ಲ ಹಾಕಿ ನೂಕಿದೆ. ಬಂಡೆಯನ್ನು ನೂಕಿದ ಹಾಗಾಯಿತು. ಆರು ಕಂಬಗಳಲ್ಲಿ ಅದರಷ್ಟು ನೆಟ್ಟಗೆ ನಿಂತದ್ದು ಇನ್ನೊಂದಿರಲಿಲ್ಲ. ಅದನ್ನೇ ತಬ್ಬಿಕೊಂಡು ನಾನು ಅತ್ತೆ. ಅಪ್ಪ ಸತ್ತಾಗಲೂ ಅಷ್ಟು ಅತ್ತವನಲ್ಲ.

ಸಂಜೆ ಕೈಕಾಲು ತೊಳೆದುಕೊಂಡು ಕೆಳಗಿನ ಓಣಿಗೆ ಹೋದೆ. ನಿಂಬೆವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ಬಂದದ್ದು ಗೊತ್ತಾದರೂ ಮೊರ ಕೆಳಗಿಡಲಿಲ್ಲ. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ, ಅವಳ ಎದುರಿಗೆ ನಿಂತಾಗ ಉಳಿದದ್ದು ಒಂದೇ ಮಾತು.

"ಬೆಣೆ ತಗದೆ. ಮಳೀಗೂ ಹಂಗ ನಿಂತೈತಿ."

ಅವಳು ಒಂದು ಹರಳು ಆರಿಸಿ ಬೀದಿಗೆ ಎಸೆದಳು.

"ನಿಲ್ಲಲಿ ಬಿಡ್ರಿ," ಎಂದಳು.

ಮೊರ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಕರೆಯಲೂ ಇಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ನಾನು ಆ ಸಪ್ಪಳ ಕೇಳುತ್ತ ಕಟ್ಟೆಯ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದೆ. ಮರುದಿನ ತಗಡಿನವರನ್ನು ಬರಹೇಳಿದೆ.